ಅಂಜಿಕೆಗೂ ಒಂದು ಬಾಲ್ಯವಿದೆ

ಕಾರವಾರದ ಬೈತಖೋಲ ಬಂದರಿನ ಬಳಿ ಬೆಳೆದ ಮಗುವಿಗೆ ಅಲೆಯೆಂದರೆ ಆಟ. ಘಟ್ಟದ ಮೇಲಿಂದ ಮೊದಲ ಸಲ ಕಡಲಿಗೆ ಬಂದ ಮಗು ಅದೇ ಅಲೆ ಕಂಡು ಅಮ್ಮನ ಸೆರಗು ಹಿಡಿಯುತ್ತದೆ. ಹಾವೆಂದರೆ ಮಾತ್ರ ಇಬ್ಬರೂ ಬೆಚ್ಚುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ ಹಿರಿಯರು. ವಿಜ್ಞಾನ ಈ ಮಾತನ್ನು ಅರ್ಧ ಮಾತ್ರ ಒಪ್ಪುತ್ತದೆ.

2017ರಲ್ಲಿ ಜರ್ಮನಿ ಮತ್ತು ಸ್ವೀಡನ್ನಿನ ಸಂಶೋಧಕರು ಆರು ತಿಂಗಳ ಕೂಸುಗಳಿಗೆ ಹಾವಿನ ಚಿತ್ರ, ಮೀನಿನ ಚಿತ್ರ ಎರಡನ್ನೂ ತೋರಿಸಿದರು. ಹಾವು ಕಂಡಾಗ ಕಣ್ಣಿನ ಪಾಪೆ ಹೆಚ್ಚು ಹಿಗ್ಗಿತು. ಪಾಪೆ ಹಿಗ್ಗುವುದು ಮಿದುಳು ಎಚ್ಚೆತ್ತುದರ ಗುರುತು. ಅಷ್ಟರಿಂದಲೇ ಅದನ್ನು ಭಯ ಎನ್ನಲಾಗದು. ಆ ಎಚ್ಚರ ಭಯವಾಗುವುದು ಹೇಗೆಂದು ಅಮೆರಿಕದ ಮನಃಶಾಸ್ತ್ರಜ್ಞೆ ಸೂಸನ್ ಮಿನೆಕಾ 1980ರ ದಶಕದಲ್ಲಿ ತೋರಿಸಿದ್ದರು. ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ ಕೋತಿಗಳು ಹಾವಿಗೆ ಹೆದರಲಿಲ್ಲ. ಕಾಡಿನಲ್ಲಿ ಬೆಳೆದ ಕೋತಿ ಹಾವಿಗೆ ಹೆದರುವುದನ್ನು ಕಂಡೊಡನೆ ಅವೂ ಹೆದರಲು ಕಲಿತವು. ಕೋತಿಯೊಂದು ಹೂವಿಗೆ ಹೆದರುವಂತೆ ಕಾಣುವ ವಿಡಿಯೊ ತೋರಿಸಿದರೆ ಮಾತ್ರ ಹೂವಿನ ಭಯ ಹುಟ್ಟಲಿಲ್ಲ. ವಂಶವಾಹಿಗಳು ಕೊಟ್ಟದ್ದು ಕಲಿಯುವ ಸಿದ್ಧತೆ. ಕಲಿಸಿದ್ದು ಜೊತೆಗಾರರ ನಡತೆ.

ಆ ಸಿದ್ಧತೆಯೂ ಎಲ್ಲರಿಗೂ ಒಂದೇ ಸಮನಲ್ಲ. ತದ್ರೂಪಿ ಅವಳಿಗಳನ್ನೂ ಸಾಮಾನ್ಯ ಅವಳಿಗಳನ್ನೂ ಹೋಲಿಸಿದ ಅಧ್ಯಯನಗಳು, ಅಂಜಿಕೆಯಲ್ಲಿ ಜನರಿಂದ ಜನರಿಗಿರುವ ವ್ಯತ್ಯಾಸಕ್ಕೆ ವಂಶವಾಹಿಗಳೂ ಗಣನೀಯ ಕಾರಣವೆಂದು ಹೇಳುತ್ತವೆ. ಆದರೆ ಭಯಕ್ಕೆಂದೇ ಒಂದು ವಂಶವಾಹಿ ಇಲ್ಲ. ಸಣ್ಣ ಪ್ರಭಾವದ ನೂರಾರು ವಂಶವಾಹಿಗಳು ಕೂಡಿ ಒಬ್ಬರನ್ನು ಬೇಗ ಬೆಚ್ಚುವವರನ್ನಾಗಿ, ಇನ್ನೊಬ್ಬರನ್ನು ನಿಧಾನಿಗಳನ್ನಾಗಿ ಮಾಡುತ್ತವೆ.

ರೂಢಿಗಳ ಕಥೆಯೂ ಹೀಗೆಯೇ. ಬಂಗಡೆ ಸಾರಿನ ಪರಿಮಳಕ್ಕೆ ಕಾರವಾರದ ಮಗುವಿನ ಬಾಯಲ್ಲಿ ನೀರೂರುವುದು ಜಾತಕದಲ್ಲಿ ಬರೆದದ್ದಲ್ಲ. ಬಸುರಿನಲ್ಲಿ ಗಜ್ಜರಿ ರಸ ಕುಡಿದ ತಾಯಂದಿರ ಮಕ್ಕಳು ಮುಂದೆ ಗಜ್ಜರಿ ರುಚಿಯ ಉಣಿಸನ್ನು ಹೆಚ್ಚು ಮೆಚ್ಚಿದರೆಂದು 2001ರ ಅಧ್ಯಯನವೊಂದು ಕಂಡುಕೊಂಡಿತು. ಅಡುಗೆಮನೆಯ ಪಾಠ ಗರ್ಭದಲ್ಲೇ ಶುರು. ಕೆಲಸದ ಅರಿವೂ ಹೀಗೆಯೇ ಒಡನಾಟದಲ್ಲಿ ಬರುತ್ತದೆ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಚಿಕ್ಕಂದಿನಲ್ಲೇ ತಾಯಿಯೊಡನೆ ನರ್ಸರಿ ಕೆಲಸಕ್ಕೆ ಹೋದವರು. ಬೀಜ, ಸಸಿ, ತಾಯಿಮರಗಳ ಅವರ ಅರಿವು ಪದ್ಮಶ್ರೀ ಗೌರವ ತಂದಿತು. ಆ ಅರಿವು ಬೆಳೆದದ್ದು ಮಣ್ಣಿನಲ್ಲಿ ಕೈಯಾಡಿಸುತ್ತ.

ದೊಡ್ಡವರಾದ ಮೇಲೂ ಮಿದುಳು ಭಯ ಕಲಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಇಂಥ ದುರಂತ ಕಂಡವರಿಗೆ ಜೋರು ಮಳೆಯ ಸದ್ದೇ ಅಪಾಯದ ಸೂಚನೆಯಾಗಬಹುದು. ಮಿದುಳಿನ ಅಮಿಗ್ಡಲಾ ಎಂಬ ಭಾಗ ಸದ್ದನ್ನೂ ಆಪತ್ತನ್ನೂ ಗಂಟುಹಾಕಿಬಿಡುತ್ತದೆ. ಅದು ಮನೋಬಲದ ಕೊರತೆಯಲ್ಲ, ಕಾಯಿಲೆಯ ನಟನೆಯೂ ಅಲ್ಲ. ಅಂಥವರಿಗೆ 'ಧೈರ್ಯ ತಂದುಕೋ' ಎಂದರೆ ಸಾಲದು. ತಜ್ಞರ ನೆರವಿನಿಂದ, ಸುರಕ್ಷಿತ ಜಾಗದಲ್ಲಿ ಸ್ವಲ್ಪ ಸ್ವಲ್ಪವಾಗಿ ಆ ಸದ್ದಿಗೆ ಎದುರಾದರೆ ಭಯ ತಗ್ಗುತ್ತದೆ. ಹಳೆಯ ನೆನಪು ಅಳಿಯುವುದಿಲ್ಲ. ಅದರ ಮೇಲೆ ಹೊಸ ಕಲಿಕೆ ಕೂರುತ್ತದೆ.

ಮಕ್ಕಳಿಗೆ ನಾವು ಕೊಟ್ಟ ವಂಶವಾಹಿಗಳನ್ನು ಬದಲಿಸಲಾಗದು. ಅವರೆದುರು ನಮ್ಮ ನಡತೆಯನ್ನು ಬದಲಿಸಬಹುದು. ಅಂಗಳಕ್ಕೆ ಹಾವು ಬಂದಾಗ ಚೀರಿ ಬಡಿಗೆ ಹಿಡಿದರೆ ಮಗು ಕಲಿಯುವುದು ದಿಗಿಲು. ದೂರ ಸರಿದು, ಅದಕ್ಕೆ ಹೋಗಲು ದಾರಿ ಬಿಟ್ಟು, ಕಚ್ಚಿದರೆ ಮೊದಲು ಆಸ್ಪತ್ರೆಗೇ ಹೋಗಬೇಕೆಂದು ಹೇಳಿಕೊಟ್ಟರೆ ಅದೇ ಮಗು ಎಚ್ಚರ ಕಲಿಯುತ್ತದೆ.