ನಗರದ ಬಿಸಿಯೂ ಅಂಕಿಯ ಸತ್ಯವೂ

ಬೇಸಗೆ ಬಂದಿತೆಂದರೆ ಬೆಂಗಳೂರಿನ ಉಷ್ಣತೆಯೆಂದು ನಮ್ಮ ಕಣ್ಣಿಗೆ ಬೀಳುವ ಅಂಕಿ ಒಂದಲ್ಲ. ನಗರದ ನಡುವಣ ವೀಕ್ಷಣಾಲಯದ್ದು ಒಂದು, ಎಚ್.ಎ.ಎಲ್. ವಿಮಾನ ನಿಲ್ದಾಣದ್ದು ಇನ್ನೊಂದು, ದೇವನಹಳ್ಳಿಯ ಬಳಿಯ ನಿಲ್ದಾಣದ್ದು ಮತ್ತೊಂದು. ಇವು ಒಂದಕ್ಕೊಂದು ಸರಿಹೊಂದುವುದು ಅಪರೂಪ. ಇವುಗಳಲ್ಲಿ ನಿಜವಾದುದು ಯಾವುದೆಂಬ ಸಂದೇಹ ಯಾರಿಗಾದರೂ ಏಳಬಹುದು. ನಾನು ಕನ್ನಡದ ಅಧ್ಯಾಪಕ. ಹವಾಮಾನಶಾಸ್ತ್ರ ನನ್ನ ವ್ಯಾಸಂಗದ ವಿಷಯವಲ್ಲ. ಆದರೆ ಒಂದೇ ಕಾವ್ಯದ ಮೂರು ಓಲೆಪ್ರತಿಗಳು ದೊರೆತು, ಮೂರರಲ್ಲೂ ಬೇರೆ ಬೇರೆ ಪಾಠಗಳು ಕಂಡಾಗ ಗ್ರಂಥಸಂಪಾದಕನನ್ನು ಕಾಡುವ ಪ್ರಶ್ನೆಯೂ ಇದೇ ಜಾತಿಯದು. ಆ ಸಲುಗೆಯಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಈ ಶೋಧನೆಗೆ ಮೊದಲಿಟ್ಟವನು ಲಂಡನ್ನಿನ ಲ್ಯೂಕ್ ಹೊವರ್ಡ್ (1772–1864). ಔಷಧಿಗಳ ತಯಾರಿಕೆ ಆತನ ಉದ್ಯೋಗ. ಆಕಾಶವೀಕ್ಷಣೆ ಆತನ ಹವ್ಯಾಸ. ಮೋಡಗಳಿಗೆ ಇಂದಿಗೂ ಬಳಕೆಯಲ್ಲಿರುವ ಲ್ಯಾಟಿನ್ ಹೆಸರುಗಳನ್ನು 1802ರಲ್ಲಿ ಸೂಚಿಸಿದವನು ಆತನೇ. ಅದಕ್ಕೆ ಮನಸೋತ ಜರ್ಮನಿಯ ಮಹಾಕವಿ ಗಯಟೆ ಆತನ ಗೌರವಾರ್ಥವಾಗಿ ಕವಿತೆಯನ್ನೇ ರಚಿಸಿದನು. ಲಂಡನ್ನಿನ ಹವೆಯನ್ನು ಕುರಿತ ಹೊವರ್ಡನ ಗ್ರಂಥ 1818 ಮತ್ತು 1820ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. 1833ರಲ್ಲಿ ಅದು ಇನ್ನೂ ವಿಸ್ತಾರಗೊಂಡಿತು. ಊರಾಚೆಯ ಹಳ್ಳಿಗಳಲ್ಲಿ ತಾನು ಬರೆದಿಟ್ಟ ಉಷ್ಣತೆಗಳನ್ನು ನಗರದೊಳಗೆ ರಾಯಲ್ ಸೊಸೈಟಿಯವರು ಬರೆದಿಟ್ಟವುಗಳೊಡನೆ ಆತನು ವರ್ಷಗಟ್ಟಲೆ ತಾಳೆ ನೋಡಿದನು. ಇರುಳಿನಲ್ಲಿ ನಗರವು ಹಳ್ಳಿಗಾಡಿಗಿಂತ 3.7 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್‌ನಷ್ಟು, ಬೆಚ್ಚಗಿರುವುದು ಕಂಡುಬಂದಿತು. ಹಗಲಿನಲ್ಲಿ ಮಾತ್ರ ನಗರವೇ ಕೂದಲೆಳೆಯಷ್ಟು ತಂಪಾಗಿತ್ತು. ಒಲೆಗಳ ಉರಿ, ಜನಸಂದಣಿ, ಕಟ್ಟಡಗಳ ಒತ್ತು, ಇವೇ ಇದಕ್ಕೆ ಕಾರಣವೆಂದು ಆತನು ಊಹಿಸಿದನು. ಮುಂದೆ ವಿದ್ವಾಂಸರು ಇದನ್ನೇ 'ನಗರ ಉಷ್ಣದ್ವೀಪ' ಎಂದು ಕರೆದರು. ತಂಪಾದ ಬಯಲಿನ ನಡುವೆ ಬಿಸಿಯ ದ್ವೀಪದಂತೆ ನಗರ ನಿಂತಿರುವುದರಿಂದ ಈ ಹೆಸರು ಸಾರ್ಥಕವೇ ಸರಿ.

ಕಾರಣ ಗಹನವಾದುದೇನಲ್ಲ. ಕಲ್ಲು, ಇಟ್ಟಿಗೆ, ಕಾಂಕ್ರೀಟು, ಡಾಂಬರುಗಳು ಹಗಲೆಲ್ಲ ಬಿಸಿಲನ್ನು ಕುಡಿದು ಇರುಳೆಲ್ಲ ಅದನ್ನು ಮೆಲ್ಲಮೆಲ್ಲನೆ ಹೊರಗೆಡಹುತ್ತವೆ. ಎತ್ತರದ ಗೋಡೆಗಳು ಆ ಶಾಖವನ್ನು ಆಕಾಶಕ್ಕೆ ಹೋಗಗೊಡದೆ ತಮ್ಮತಮ್ಮಲ್ಲೇ ವಿನಿಮಯ ಮಾಡಿಕೊಳ್ಳುತ್ತವೆ. ಹಸಿ ನೆಲ, ಕೆರೆ, ಮರಗಳಿದ್ದಲ್ಲಿ ಬಿಸಿಲಿನ ಬಹುಭಾಗ ನೀರನ್ನು ಆವಿಯಾಗಿಸುವುದರಲ್ಲೇ ವೆಚ್ಚವಾಗುತ್ತದೆ. ಅವು ಮರೆಯಾದಲ್ಲಿ ಅದು ಗಾಳಿಯನ್ನೇ ಕಾಯಿಸುತ್ತದೆ. ಇದಕ್ಕೆ ವಾಹನಗಳ ಮತ್ತು ಯಂತ್ರಗಳ ಬಿಸಿಯುಸಿರೂ ಸೇರುತ್ತದೆ. ಮೋಡವಿಲ್ಲದ, ಗಾಳಿಯಾಡದ ಇರುಳಿನಲ್ಲಿ ಈ ಅಂತರ ಅತಿ ಹೆಚ್ಚು. ಆದಕಾರಣ ಉಷ್ಣತೆಯ ದಾಖಲೆಯಲ್ಲಿ ನಗರದ ಗುರುತು ಬೀಳುವುದು ವಿಶೇಷವಾಗಿ ಕನಿಷ್ಠ ಉಷ್ಣತೆಯ ಅಂಕಣದಲ್ಲಿ.

ತೊಡಕು ಹುಟ್ಟುವುದೂ ಇಲ್ಲಿಯೇ. ನೂರು ವರ್ಷಗಳ ಹಿಂದೆ ತೋಟದ ನಡುವೆ ನಿಲ್ಲಿಸಿದ ಉಷ್ಣಮಾಪಕದ ಸುತ್ತ ಊರು ಬೆಳೆದರೆ, ಅದು ಲೋಕದ ಹವೆಯ ಜೊತೆಗೆ ಊರಿನ ಬೆಳವಣಿಗೆಯನ್ನೂ ಅಳೆಯತೊಡಗುತ್ತದೆ. ಉಪಕರಣದ ಜಾಗ ಬದಲಾದರೆ ತೊಡಕು ಇಮ್ಮಡಿ. ಜಪಾನಿನ ರಾಜಧಾನಿ ಟೋಕಿಯೋದಲ್ಲಿ 2014ರ ಡಿಸೆಂಬರಿನಲ್ಲಿ ವೀಕ್ಷಣಾಸ್ಥಾನವನ್ನು ಓಟೆಮಾಚಿಯ ಕಟ್ಟಡಗಳ ನಡುವಿನಿಂದ ಕಿತಾನೊಮಾರು ಉದ್ಯಾನಕ್ಕೆ ಸಾಗಿಸಿದರು. ಎರಡಕ್ಕೂ ನಡುವೆ ಒಂದು ಕಿಲೋಮೀಟರು ದೂರವೂ ಇಲ್ಲ. ಆದರೂ ಉದ್ಯಾನದ ಕನಿಷ್ಠ ಉಷ್ಣತೆ ಸರಾಸರಿಯಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ಕಡಮೆಯೆಂದು ತಿಳಿಯಿತು. ಜಾಗದ ಕಥೆಯನ್ನರಿಯದೆ ಬರಿಯ ಅಂಕಿಗಳನ್ನೋದುವವನು ಟೋಕಿಯೋ ಒಮ್ಮೆಲೇ ತಂಪಾಯಿತೆಂದು ಭ್ರಮಿಸಿಯಾನು.

ಹಾಗಾದರೆ ಭೂಮಿ ಬಿಸಿಯಾಗುತ್ತಿದೆಯೆಂಬ ಮಾತೆಲ್ಲ ಈ ನಗರಗಳ ಮಾಯೆಯೆ? ಹೀಗೆ ವಾದಿಸುವವರುಂಟು. ಓಲೆಪ್ರತಿಯಲ್ಲಿ ಪಾಠದೋಷಗಳಿವೆಯೆಂದು ಸಂಪಾದಕನು ಕಾವ್ಯವನ್ನೇ ಎಸೆದುಬಿಡುವುದಿಲ್ಲ; ಪ್ರತಿಗೆ ಪ್ರತಿಯನ್ನು ಹೋಲಿಸಿ, ಲಿಪಿಕಾರನ ಜಾಡನ್ನು ಹಿಡಿದು, ದೋಷವನ್ನು ಬೇರ್ಪಡಿಸುತ್ತಾನೆ. ಹವಾಮಾನಜ್ಞರು ಮಾಡುವುದೂ ಇದನ್ನೇ. ನಗರದ ದಾಖಲೆಯನ್ನು ನೆರೆಯ ಹಳ್ಳಿಗಳ ದಾಖಲೆಯೊಡನೆ ಒರೆಹಚ್ಚಿ, ಹೆಚ್ಚುವರಿಯನ್ನು ಕಳೆಯುತ್ತಾರೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಿಸಿಯಾಗಿರುವುದು ಬೇರೆ, ಬಿಸಿಯಾಗುತ್ತ ಹೋಗುವುದು ಬೇರೆ. ಲಂಡನ್ನಿನ ನಡುವಣ ಸೇಂಟ್ ಜೇಮ್ಸ್ ಉದ್ಯಾನ ಹಳ್ಳಿಗಾಡಿಗಿಂತ ಬೆಚ್ಚಗಿದೆ, ನಿಜ. ಆದರೆ 1900ರಿಂದೀಚೆಗೆ ಆ ಅಂತರ ಬೆಳೆದಿಲ್ಲವೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹೀಗಾಗಿ ಅಲ್ಲಿಯ ಏರಿಕೆಗೆ ನಗರವನ್ನು ದೂರುವಂತಿಲ್ಲ. ಬ್ರಿಟನ್ನಿನ ಡೇವಿಡ್ ಪಾರ್ಕರ್ 2004ರಲ್ಲಿ ಇನ್ನೊಂದು ಜಾಣ ಪರೀಕ್ಷೆಯನ್ನು ಮುಂದಿಟ್ಟರು. ಜೋರಾದ ಗಾಳಿ ನಗರದ ಬಿಸಿಯನ್ನು ಚದುರಿಸಿಬಿಡುವುದಷ್ಟೆ. ಏರಿಕೆಗೆ ನಗರವೇ ಕಾರಣವಾಗಿದ್ದರೆ ಗಾಳಿ ಬೀಸುವ ಇರುಳುಗಳಲ್ಲಿ ಅದು ಕಡಮೆಯಿರಬೇಕಾಗಿತ್ತು. ಆದರೆ ಶಾಂತವಾದ ಇರುಳುಗಳಲ್ಲಿಯೂ ಗಾಳಿಯ ಇರುಳುಗಳಲ್ಲಿಯೂ ಏರಿಕೆ ಸರಿಸಮನಾಗಿಯೇ ಇತ್ತು. ಇದೆಲ್ಲಕ್ಕಿಂತ ಮಿಗಿಲಾದ ಸಾಕ್ಷಿ ಕಡಲು. ಭೂಮಿಯ ಮೇಲ್ಮೈಯ ನೂರಕ್ಕೆ ಎಪ್ಪತ್ತು ಪಾಲನ್ನು ಆವರಿಸಿರುವ ಕಡಲಿನ ಮೇಲೆ ಯಾವ ನಗರವೂ ಇಲ್ಲ, ಅದೂ ಬಿಸಿಯಾಗುತ್ತಿದೆ.

ಆದರೆ ಭೂಮಿಯ ಲೆಕ್ಕದಿಂದ ಕಳೆದುಬಿಟ್ಟ ಮಾತ್ರಕ್ಕೆ ನಗರದ ಬಿಸಿ ಸುಳ್ಳಾಗುವುದಿಲ್ಲ. 2003ರ ಆಗಸ್ಟಿನ ಬಿಸಿಗಾಳಿಗೆ ಫ್ರಾನ್ಸ್ ದೇಶವೊಂದರಲ್ಲಿಯೇ ಸುಮಾರು 15,000 ಮಂದಿ ಬಲಿಯಾದರು; ಅವರಲ್ಲಿ ಹೆಚ್ಚಿನವರು ವೃದ್ಧರು. ಪ್ಯಾರಿಸ್ಸಿನಲ್ಲಿ ಇರುಳೂ ತಂಪಾಗದೆ, ದಣಿದ ದೇಹಗಳಿಗೆ ಬಿಡುವೇ ದೊರೆಯದೆ ಹೋಯಿತು. ವಿಜ್ಞಾನಿಯ ಲೆಕ್ಕದಲ್ಲಿ ಕಳೆಯಬೇಕಾದ ಆ ಎರಡು ಮೂರು ಡಿಗ್ರಿಗಳೇ ತಗಡಿನ ಮಾಡಿನ ಕೆಳಗೆ ಮಲಗುವವನ ಪಾಲಿಗೆ ನಿದ್ರೆಗೂ ನಿದ್ರಾಹೀನತೆಗೂ ಇರುವ ಅಂತರ. ಪಾಠಾಂತರವೂ ಒಂದು ಕಾಲದ, ಒಂದು ಊರಿನ ಸತ್ಯವನ್ನು ಹೇಳುತ್ತದೆಂಬುದನ್ನು ಗ್ರಂಥಸಂಪಾದನೆ ಬಲ್ಲವರು ಒಪ್ಪುವರು.

ಆದುದರಿಂದ ಬೆಂಗಳೂರಿನ ಮೂರು ಅಂಕಿಗಳಲ್ಲಿ ಯಾವುದು ನಿಜವೆಂದು ಕೇಳುವ ವಿದ್ಯಾರ್ಥಿಗೆ, ಮೂರೂ ನಿಜವೆಂದೇ ನಾನು ಹೇಳುವೆನು. ಅಂಕಿಯನ್ನು ನಂಬುವ ಮುನ್ನ, ಅಥವಾ ಅಲ್ಲಗಳೆಯುವ ಮುನ್ನ, ಅದನ್ನು ಎಲ್ಲಿ ನಿಂತು ಬರೆದರು, ಆ ಜಾಗದ ಸುತ್ತ ಅಂದಿನಿಂದ ಇಂದಿನವರೆಗೆ ಏನೇನು ಬದಲಾಯಿತು ಎಂದು ವಿಚಾರಿಸುವುದು ಓದುಬಲ್ಲವರ ಧರ್ಮ.