ಸಮಾನಪದದ ಭ್ರಮೆ

ಫ್ರೆಂಚ್ ಕಲಿಯತೊಡಗಿದ್ದ ವಿದ್ಯಾರ್ಥಿಯೊಬ್ಬನು ಒಮ್ಮೆ ತನ್ನ ಟಿಪ್ಪಣಿ ಪುಸ್ತಕವನ್ನು ನನಗೆ ತೋರಿಸಿದನು. ಎಡಗಡೆ ಇಂಗ್ಲಿಷ್ ಶಬ್ದಗಳು; ಬಲಗಡೆ ಅವುಗಳ ಎದುರು ಒಂದೊಂದೇ ಫ್ರೆಂಚ್ ಶಬ್ದ. ‘ಟೈಮ್’ ಎಂಬುದರ ಎದುರು ‘ತಾಂ’ ಎಂದು ಬರೆದುಕೊಂಡು ಅವನು ನಿಶ್ಚಿಂತನಾಗಿದ್ದನು. ಆ ನಿಶ್ಚಿಂತೆಯೇ ತೊಡಕಿನ ಮೂಲ.

ಇಂಗ್ಲಿಷಿನವನು ಬಿಡುವಿಲ್ಲವೆನ್ನುವಾಗಲೂ, ಗಂಟೆ ಎಷ್ಟೆಂದು ಕೇಳುವಾಗಲೂ, ಒಂದು ಕೆಲಸವನ್ನು ಮೂರು ಸಲ ಮಾಡಿದೆನೆನ್ನುವಾಗಲೂ ‘ಟೈಮ್’ ಎಂದೇ ನುಡಿಯುತ್ತಾನೆ. ಒಂದೇ ಬುಡದಿಂದ ಒಡೆದ ಕೊಂಬೆಗಳಂತೆ ಈ ಅರ್ಥಗಳು ಪರಸ್ಪರ ಸಂಬಂಧವುಳ್ಳವು. ಫ್ರೆಂಚರಾದರೋ ಬಿಡುವಿಗೆ ‘ತಾಂ’ ಎಂದೂ, ಗಡಿಯಾರದ ಹೊತ್ತಿಗೆ ‘ಅರ್’ ಎಂದೂ, ಎಣಿಕೆಯ ಸಲಕ್ಕೆ ‘ಫ್ವಾ’ ಎಂದೂ ಮೂರು ಶಬ್ದಗಳನ್ನು ಇಟ್ಟುಕೊಂಡಿದ್ದಾರೆ. ತಿಳಿಯುವುದನ್ನು ಸೂಚಿಸುವ ‘ನೋ’ ಎಂಬ ಕ್ರಿಯಾಪದದ ಗತಿಯೂ ಇದೇ. ಸಂಗತಿಯೊಂದು ತಿಳಿದಿದ್ದರೆ ಫ್ರೆಂಚಿನಲ್ಲಿ ‘ಸವ್ವಾರ್’. ಮನುಷ್ಯನ ಅಥವಾ ಊರಿನ ಪರಿಚಯವಿದ್ದರೆ ‘ಕೊನೆತ್ರ್’. ಇಂಗ್ಲಿಷ್ ಲೇಖಕನು ಹೇಳದೆ ಬಿಟ್ಟ ಭೇದವನ್ನು ಅನುವಾದಕನು ಹೇಳಲೇಬೇಕಾಗುತ್ತದೆ.

ಕನ್ನಡಿಗನಿಗೆ ಇದು ತೀರ ಅಪರಿಚಿತವೇ? ಗಂಟೆ ಬೇರೆ, ಸಲ ಬೇರೆ, ಬಿಡುವು ಬೇರೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಈ ಒಂದು ಶಬ್ದದ ಮಟ್ಟಿಗಾದರೂ ನಮ್ಮ ವಿದ್ಯಾರ್ಥಿಯು ಮನೆಯ ಮಾತನ್ನು ನೆನೆದಿದ್ದರೆ ಎಡವುತ್ತಿರಲಿಲ್ಲ. ಇಂಗ್ಲಿಷಿನ ಮೂಲಕ ಹೋದುದರಿಂದ ಎಡವಿದನು.

ಇದು ಕೇವಲ ಪಾಠಶಾಲೆಯ ತೊಡಕೆಂದು ವಾಚಕರು ಭಾವಿಸಬಾರದು. ನಿನ್ನೆಯ ಮನುಷ್ಯನೂ ಇಂದಿನ ಮನುಷ್ಯನೂ ಒಬ್ಬನೇ ಎನ್ನಲು ಅವನ ‘ಕಾನ್ಷಸ್‌ನೆಸ್’, ಎಂದರೆ ತನ್ನ ಕುರಿತಾದ ಅರಿವು, ಆಧಾರವೆಂದು ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್ ವಾದಿಸಿದನು. ಪಾಪಪುಣ್ಯಗಳನ್ನು ತೂಗುವ ಅಂತಃಸಾಕ್ಷಿಗೆ ಇಂಗ್ಲಿಷಿನಲ್ಲಿ ‘ಕಾನ್ಷನ್ಸ್’ ಎಂಬ ಬೇರೆ ಶಬ್ದವಿದೆ. ಲಾಕನ ಗ್ರಂಥವನ್ನು ಫ್ರೆಂಚಿಗೆ ತಂದು 1700ರಲ್ಲಿ ಪ್ರಕಟಿಸಿದ ಪಿಯೆರ್ ಕೊಸ್ತನಿಗೆ ತೊಡಕು ತಿರುಗುಮುರುಗಾಗಿ ಎದುರಾಯಿತು: ಇಂಗ್ಲಿಷಿನಲ್ಲಿ ಎರಡು ಶಬ್ದ, ಫ್ರೆಂಚಿನಲ್ಲಿ ‘ಕೋಂಸ್ಯಾಂಸ್’ ಒಂದೇ, ಅದೂ ಅಂದಿನ ಬಳಕೆಯಲ್ಲಿ ಮುಖ್ಯವಾಗಿ ಅಂತಃಸಾಕ್ಷಿಯನ್ನೇ ಸೂಚಿಸುತ್ತಿತ್ತು. ಹಾಗೆಯೇ ಬಳಸಿದರೆ ಲಾಕನ ವಾದವೇ ಬೇರೆಯಾಗುತ್ತದೆ. ಅರಿವಿನ ತತ್ತ್ವವು ನೀತಿಬೋಧೆಯಾಗಿ ಕಾಣುತ್ತದೆ. ಕೊಸ್ತನು ಆ ಶಬ್ದವನ್ನು ನಡುವೆ ಒಡೆದು, ಎರಡು ಭಾಗಗಳ ಮಧ್ಯೆ ಒಂದು ಕಿರುಗೆರೆಯನ್ನಿಟ್ಟು, ಕಾರಣವನ್ನು ಅಡಿಟಿಪ್ಪಣಿಯಲ್ಲಿ ವಿವರಿಸಿದನು. ತನ್ನ ನುಡಿಯ ಕೊರತೆಯನ್ನು ಮುಚ್ಚಿಡದೆ ತೋರಿಸಿದ ಆ ಪ್ರಾಮಾಣಿಕತೆಯು ಅನುವಾದಕರೆಲ್ಲರಿಗೂ ಪಾಠವಾಗತಕ್ಕದ್ದು.

ವಿದ್ಯಾರ್ಥಿಗೆ ನಾನು ಹೇಳಿದುದು ಇಷ್ಟೆ: “ಶಬ್ದಗಳ ಪಟ್ಟಿಯನ್ನು ಬಿಡಪ್ಪ, ವಾಕ್ಯಗಳನ್ನು ಬರೆದುಕೋ.” ಮುಂದಿನ ವಾರ ಅವನು ಮತ್ತೆ ಬಂದನು. ‘ಟೈಮ್’ ಎಂಬ ಒಂದು ಶಬ್ದಕ್ಕೇ ಪುಸ್ತಕದ ಪುಟವೊಂದು ತುಂಬಿಹೋಗಿತ್ತು.