ಸಾಕ್ಷಿಕಟ್ಟೆಯಲ್ಲಿ ಪ್ರೇಮಪತ್ರ

ಪ್ರೇಮಪತ್ರಕ್ಕೆ ಓದುಗನು ಒಬ್ಬನೇ. ಬರೆಯುವವರು ಆ ಒಬ್ಬನ ಮನಸ್ಸನ್ನು ಬಲ್ಲವರು. ಆದುದರಿಂದ ಅಲ್ಲಿ ಅರ್ಧ ಹೇಳಿ ಅರ್ಧ ಬಿಡಬಹುದು, ದಿನಾಂಕ ಹಾಕದೆ ಇರಬಹುದು, ಇಲ್ಲದ್ದನ್ನು ಉಂಟೆಂದು ಸರಸಕ್ಕೆ ಹೇಳಬಹುದು. ಅಂಥ ಕಾಗದವು ಕೊಲೆಯ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಹಾಜರಾಯಿತೆಂದರೆ ಅದರ ಓದುಗರು ಬೇರೆಯಾಗುತ್ತಾರೆ. ನ್ಯಾಯಾಧೀಶರು, ವಕೀಲರು, ಜ್ಯೂರಿಯವರು, ಮರುದಿನದ ಪತ್ರಿಕೆಯನ್ನು ಕೊಳ್ಳುವ ಸಮಸ್ತ ಜನ. ಇವರಲ್ಲಿ ಯಾರೊಬ್ಬರಿಗಾಗಿಯೂ ಅದನ್ನು ಬರೆದದ್ದಲ್ಲ.

ಪ್ರಿಯನನ್ನೋ ಪತಿಯನ್ನೋ ಕೊಂದ ಆಪಾದನೆ ಹೊತ್ತು ಕಟಕಟೆಯಲ್ಲಿ ನಿಂತ ಇಬ್ಬರು ಹೆಂಗಸರ ವಿಚಾರಣೆಯನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ. ಒಬ್ಬಳು ಸ್ಕಾಟ್‌ಲೆಂಡಿನ ಮ್ಯಾಡಲಿನ್ ಸ್ಮಿತ್, ಕಾಲ 1857. ಇನ್ನೊಬ್ಬಳು ಲಂಡನ್ನಿನ ಎಡಿತ್ ಥಾಮ್ಸನ್, ಕಾಲ 1922. ಇಬ್ಬರ ವಿರುದ್ಧವೂ ಬಲವಾಗಿ ನುಡಿದ ಸಾಕ್ಷಿಯೆಂದರೆ ಅವರವರ ಕೈಬರಹವೇ. ಒಬ್ಬಳು ಮನೆಗೆ ಹಿಂದಿರುಗಿದಳು, ಇನ್ನೊಬ್ಬಳನ್ನು ಗಲ್ಲಿಗೇರಿಸಿದರು.

ನಾನು ನ್ಯಾಯಶಾಸ್ತ್ರ ಓದಿದವನಲ್ಲ. ಎಂ.ಎ. ತರಗತಿಗಳಿಗೆ ಗ್ರಂಥಸಂಪಾದನೆಯ ಪಾಠ ಹೇಳಿದವನು. ಯಾವ ಪ್ರತಿ ಹಿಂದಿನದು, ಯಾವ ಓಲೆ ಯಾವ ಕಟ್ಟಿಗೆ ಸೇರಿದ್ದು, ಕಾಲವನ್ನು ಹೇಳದ ಬರಹದ ಕಾಲವನ್ನು ಹೇಗೆ ನಿರ್ಣಯಿಸಬೇಕು ಎಂಬ ಒಣ ವಿಷಯಗಳಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ಬ್ರಿಟನ್ನಿನ ಪ್ರಸಿದ್ಧ ವಿಚಾರಣೆಗಳನ್ನು ಮಾತುಮಾತಾಗಿ ಅಚ್ಚು ಹಾಕಿರುವ ಗ್ರಂಥಮಾಲೆಯೊಂದುಂಟು. ಅದರ ಎರಡು ಸಂಪುಟಗಳು ಅಕಸ್ಮಾತ್ತಾಗಿ ಕೈಗೆ ಬಂದಾಗ, ಅಲ್ಲಿ ವಕೀಲರು ವಾದಿಸುತ್ತಿದ್ದುದು ನನ್ನ ತರಗತಿಯ ಪ್ರಶ್ನೆಗಳನ್ನೇ ಎಂದು ಕಂಡು ಬೆರಗಾದೆ. ವ್ಯತ್ಯಾಸವಿಷ್ಟೆ: ನಮ್ಮ ನಿರ್ಣಯ ತಪ್ಪಿದರೆ ಅಡಿಟಿಪ್ಪಣಿಯೊಂದು ಕೆಡುತ್ತದೆ, ಅಲ್ಲಿ ತಪ್ಪಿದರೆ ಕೊರಳು ಹೋಗುತ್ತದೆ.

ಮ್ಯಾಡಲಿನ್ ಗ್ಲಾಸ್ಗೋ ನಗರದ ಶ್ರೀಮಂತ ವಾಸ್ತುಶಿಲ್ಪಿಯೊಬ್ಬರ ಹಿರಿಯ ಮಗಳು. 1855ರಲ್ಲಿ, ಆಕೆಗೆ ಇಪ್ಪತ್ತು ತುಂಬುವ ಹೊತ್ತಿಗೆ, ಜೆರ್ಸಿ ದ್ವೀಪದಿಂದ ಬಂದು ಉಗ್ರಾಣವೊಂದರಲ್ಲಿ ಗುಮಾಸ್ತನಾಗಿದ್ದ ಎಮಿಲ್ ಲಾಂಜಲಿಯೆ ಎಂಬುವನ ಪರಿಚಯವಾಯಿತು. ಅಂತಸ್ತು ಒಪ್ಪದ ಸಂಬಂಧ. ಆದುದರಿಂದ ಎಲ್ಲವೂ ಗುಟ್ಟು, ಎಲ್ಲವೂ ಕಾಗದದ ಮೂಲಕ. ಆಕೆ ಅವನನ್ನು ಗಂಡನೆಂದೇ ಸಂಬೋಧಿಸಿ ಬರೆಯುತ್ತಿದ್ದಳು. 1857ರ ಆರಂಭದಲ್ಲಿ ತಂದೆಗೆ ಒಪ್ಪಿಗೆಯಾದ ವರ್ತಕನೊಬ್ಬನೊಡನೆ ಮದುವೆ ಗೊತ್ತಾಯಿತು. ಕಾಗದಗಳನ್ನು ಹಿಂದಕ್ಕೆ ಕೊಡು ಎಂದು ಆಕೆ ಕೇಳಿದಳು. ಲಾಂಜಲಿಯೆ ಕೊಡಲಿಲ್ಲ, ನಿನ್ನ ತಂದೆಗೆ ತೋರಿಸುತ್ತೇನೆಂದು ಬೆದರಿಸಿದ. ಮಾರ್ಚ್ 23ರ ನಸುಕಿನಲ್ಲಿ ಹೊಟ್ಟೆನೋವಿನಿಂದ ಒದ್ದಾಡುತ್ತ ತನ್ನ ಬಾಡಿಗೆ ಕೋಣೆಗೆ ಮರಳಿದವನು ಆ ಹಗಲೇ ತೀರಿಕೊಂಡ. ಜಠರದಲ್ಲಿ 80 ಗ್ರೇನಿಗೂ ಮಿಕ್ಕಿ ಆರ್ಸೆನಿಕ್, ಎಂದರೆ ನಮ್ಮ ಹಳಬರು ಪಾಷಾಣವೆನ್ನುವ ವಿಷ, ಸಿಕ್ಕಿತು. ಮ್ಯಾಡಲಿನ್ ಔಷಧದ ಅಂಗಡಿಗಳಲ್ಲಿ ಮೂರು ಸಲ ಆರ್ಸೆನಿಕ್ ಕೊಂಡಿದ್ದಳು. ಮರೆಮಾಚಿ ಕೊಂಡದ್ದಲ್ಲ, ವಿಷದ ಪುಸ್ತಕದಲ್ಲಿ ತನ್ನ ಹೆಸರನ್ನೇ ಬರೆದು ಸಹಿ ಹಾಕಿದ್ದಳು. ಇಲಿಗಾಗಿ ಎಂದು ಅಂಗಡಿಯಲ್ಲಿ ಹೇಳಿದ್ದಳು. ಮುಖಕಾಂತಿಗಾಗಿ ಎಂದು ಬಂಧನವಾದ ಮೇಲೆ ಹೇಳಿದಳು.

ಎಡಿನ್‌ಬರೊ ನಗರದಲ್ಲಿ ಜೂನ್ 30ರಿಂದ ಜುಲೈ 9ರವರೆಗೆ ವಿಚಾರಣೆ ನಡೆಯಿತು. ಸತ್ತವನ ಬಳಿ ಆಕೆಯ ಕಾಗದಗಳು 200ರ ಆಸುಪಾಸು ಸಿಕ್ಕಿದ್ದವು. ಅವುಗಳಲ್ಲಿ ಹಲವನ್ನು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಒಂದು ತೊಡಕಿತ್ತು. ಆ ಹುಡುಗಿ ಕಾಗದಕ್ಕೆ ದಿನಾಂಕ ಬರೆಯುತ್ತಿದ್ದುದು ಅಪರೂಪ. ಗುರುವಾರ, ರಾತ್ರಿ, ಇಷ್ಟರಲ್ಲೇ ಮುಗಿಸುತ್ತಿದ್ದಳು. ಕಾಲವನ್ನು ಹೇಳಬೇಕಾದ್ದು ಲಕೋಟೆಯ ಮೇಲಿನ ಅಂಚೆಮುದ್ರೆ. ಯಾವ ಕಾಗದ ಯಾವ ಲಕೋಟೆಯೊಳಗಿತ್ತು ಎಂಬುದನ್ನು ಅಧಿಕಾರಿಗಳು ಎಚ್ಚರಿಕೆಯಿಂದ ಕಾಪಾಡಿದ್ದರೇ? ಆಕೆಯ ವಕೀಲ ಜಾನ್ ಇಂಗ್ಲಿಸ್ ಅಲ್ಲಿಗೇ ಕೈಹಾಕಿದ. ಪತ್ರವನ್ನು ಲಕೋಟೆಯಿಂದ ಬಿಡಿಸಿದ ಮೇಲೆ ಅದರ ದಿನಾಂಕ ಊಹೆಯಷ್ಟೆ. ಗ್ರಂಥಸಂಪಾದಕನು ಬಿಡಿ ಓಲೆಗಳ ಕಟ್ಟನ್ನು ಮುಂದಿಟ್ಟುಕೊಂಡು ಪಡುವ ಪಾಡು ಇದೇ ಅಲ್ಲವೆ!

ದಿನಾಂಕವೆಂಬುದು ಎಷ್ಟು ಮಟ್ಟಿಗೆ ನಿರ್ಣಾಯಕವಾಯಿತೆಂದರೆ, ಮೊದಲನೆಯ ಆಪಾದನೆ ಅದರಿಂದಲೇ ಬಿದ್ದುಹೋಯಿತು. ಲಾಂಜಲಿಯೆ ಮೊದಲ ಸಲ ಕಾಯಿಲೆ ಬಿದ್ದದ್ದು ಫೆಬ್ರವರಿ 19ರ ರಾತ್ರಿಯ ಸುಮಾರಿಗೆ ಎಂದು ಸರ್ಕಾರದ ಪಕ್ಷ. ಆಕೆ ಆರ್ಸೆನಿಕ್ ಕೊಂಡದ್ದಕ್ಕೆ ಮೊದಲ ಪುರಾವೆ ಇದ್ದದ್ದು ಫೆಬ್ರವರಿ 21ಕ್ಕೆ. ಉಳಿದದ್ದು ಕೊನೆಯ ರಾತ್ರಿಯ ಪ್ರಶ್ನೆ. ಬಾ ಎಂದು ಕರೆದ ಆಕೆಯ ಕಾಗದ ಅವನ ಜೇಬಿನಲ್ಲಿತ್ತು. ಅದನ್ನು ಓದಿ ಅವನು ಊರಿಗೆ ಹಿಂದಿರುಗಿದ್ದೂ ನಿಜ. ಆದರೆ ಆ ರಾತ್ರಿ ಅವರಿಬ್ಬರೂ ಭೇಟಿಯಾದದ್ದನ್ನು ಕಂಡವರು ಯಾರೂ ಇರಲಿಲ್ಲ. ಕರೆದದ್ದು ಬರಹದಲ್ಲಿದೆ, ಬಂದದ್ದು ಎಲ್ಲಿಯೂ ಇಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಸತ್ತವನು ಒಂದು ಪುಟ್ಟ ದಿನಚರಿಯನ್ನು ಇಟ್ಟಿದ್ದ. ಅದರಲ್ಲಿ ಆಕೆಯನ್ನು ಕಂಡದ್ದೂ ತನಗೆ ಮೈಗೆ ಸರಿಯಿಲ್ಲದಾದದ್ದೂ ದಾಖಲಾಗಿದ್ದವು. ಬರೆದವನನ್ನು ಪಾಟೀಸವಾಲು ಮಾಡಲಾಗದು ಎಂಬ ಕಾರಣಕ್ಕೆ ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಒಪ್ಪಲಿಲ್ಲ. ಇತ್ತ, ಬದುಕಿದ್ದು ಕಟಕಟೆಯಲ್ಲೇ ಕುಳಿತಿದ್ದ ಹೆಂಗಸಿಗೆ ಬಾಯಿಬಿಡುವ ಅವಕಾಶವಿರಲಿಲ್ಲ. ಆರೋಪಿಯು ತನ್ನ ಪರವಾಗಿ ತಾನೇ ಸಾಕ್ಷಿ ನುಡಿಯಬಹುದೆಂಬ ಕಾನೂನು ಬಂದದ್ದು 1898ರಲ್ಲಿ. ಹೀಗಾಗಿ ಗಂಡಸಿನ ಬರಹವನ್ನು ಓದಲಿಲ್ಲ, ಹೆಂಗಸಿನ ಮಾತನ್ನು ಕೇಳಲಿಲ್ಲ. ಮಾತಾಡಿದ್ದು ಆಕೆಯ ಹಳೆಯ ಕಾಗದಗಳು ಮಾತ್ರ. ಹದಿನೈದು ಜನರ ಜ್ಯೂರಿ ಮೊದಲನೆಯ ಆಪಾದನೆಗೆ ನಿರ್ದೋಷಿ ಎಂದಿತು. ಉಳಿದ ಎರಡಕ್ಕೆ, ಕೊಲೆಯೂ ಸೇರಿ, ‘ರುಜುವಾತಾಗಿಲ್ಲ’ ಎಂದಿತು. ಸ್ಕಾಟ್‌ಲೆಂಡಿಗೇ ವಿಶಿಷ್ಟವಾಗಿದ್ದ ಮೂರನೆಯ ಬಗೆಯ ತೀರ್ಪು ಇದು. ಬಿಡುಗಡೆಯಂತೂ ಹೌದು, ಕಳಂಕ ಕಳೆಯಿತೆಂದು ಮಾತ್ರ ಹೇಳುವುದಿಲ್ಲ. 2025ರಲ್ಲಿ ಅಲ್ಲಿನ ಸಂಸತ್ತು ಇದನ್ನು ತೆಗೆದುಹಾಕುವ ಮಸೂದೆಯನ್ನು ಅಂಗೀಕರಿಸಿತು. ಓದುಗನಾಗಿ ನನಗೆ ಸ್ವಲ್ಪ ವ್ಯಥೆಯೇ ಆಯಿತು. ಬರಹವನ್ನು ಓದಿ ‘ಇದರಿಂದ ಇಷ್ಟು ತಿಳಿಯದು’ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಆ ತೀರ್ಪಿನಲ್ಲಿತ್ತು ಎಂದು ನನ್ನ ಭಾವನೆ. ಸತ್ತವರ ಮನೆಯವರಿಗೆ ಅದು ಎಂಥ ಸಂಕಟವೆಂಬುದನ್ನು ಬಲ್ಲವರು ನನ್ನ ಮಾತನ್ನು ಒಪ್ಪಲಾರರು, ಅದೂ ಸರಿಯೇ.

ಅರವತ್ತೈದು ವರ್ಷಗಳ ಅನಂತರದ ಕಥೆ ಬೇರೆ ಬಗೆಯದು. ಇಲ್ಲಿ ಕೊಂದವನು ಯಾರೆಂಬ ಸಂಶಯವೇ ಇರಲಿಲ್ಲ. ಎಡಿತ್ ಲಂಡನ್ನಿನಲ್ಲಿ ಹೆಂಗಸರ ಟೋಪಿಗಳ ವ್ಯಾಪಾರಸಂಸ್ಥೆಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದವಳು; ಗಂಡ ಪರ್ಸಿ ಥಾಮ್ಸನ್. ಹಡಗಿನಲ್ಲಿ ನೌಕರಿ ಮಾಡುತ್ತಿದ್ದ ಫ್ರೆಡರಿಕ್ ಬೈವಾಟರ್ಸ್ ಆಕೆಗಿಂತ ಎಂಟೊಂಬತ್ತು ವರ್ಷ ಚಿಕ್ಕವನು. 1921ರಲ್ಲಿ ಕೆಲಕಾಲ ಅವರ ಮನೆಯಲ್ಲೇ ಬಾಡಿಗೆಗಿದ್ದ. ಅವರಿಬ್ಬರಲ್ಲಿ ಅನುರಾಗ ಬೆಳೆಯಿತು. ಪರ್ಸಿಯೊಡನೆ ಜಗಳವಾಗಿ ಮನೆ ಬಿಟ್ಟ. ಮುಂದೆ ಅವನು ತಿಂಗಳುಗಟ್ಟಲೆ ಸಮುದ್ರದ ಮೇಲೆ. ಈಕೆ ದಡದಲ್ಲಿ, ಕಾಗದ ಬರೆಯುತ್ತ. 1922ರ ಅಕ್ಟೋಬರ್ 3ರ ರಾತ್ರಿ ದಂಪತಿಗಳು ನಾಟಕ ನೋಡಿ ಇಲ್‌ಫರ್ಡಿನ ತಮ್ಮ ಮನೆಯತ್ತ ನಡೆದು ಬರುತ್ತಿದ್ದಾಗ ಬೈವಾಟರ್ಸ್ ಎದುರಾಗಿ ಪರ್ಸಿಯನ್ನು ಚೂರಿಯಿಂದ ಇರಿದ. ಬೇಡ, ಬೇಡ ಎಂದು ಹೆಣ್ಣು ದನಿಯೊಂದು ಕೂಗಿದ್ದನ್ನು ಕೇಳಿದೆನೆಂದು ನೆರೆಯವನೊಬ್ಬ ಸಾಕ್ಷಿ ಹೇಳಿದ.

ಹಾಗಾದರೆ ಎಡಿತಳ ಮೇಲೆ ಕೊಲೆಯ ಆಪಾದನೆ ಏಕೆ? ಕಾಗದಗಳಿಂದ. ಬೈವಾಟರ್ಸನ ಮನೆಯಲ್ಲಿಯೂ ಹಡಗಿನ ಪೆಟ್ಟಿಗೆಯಲ್ಲಿಯೂ ಆಕೆಯ 60ಕ್ಕೂ ಹೆಚ್ಚು ಕಾಗದಗಳು ಪೊಲೀಸರಿಗೆ ಸಿಕ್ಕವು. ಅವುಗಳಲ್ಲಿ ಸುಮಾರು ಅರ್ಧವನ್ನು ಮಾತ್ರ ನ್ಯಾಯಾಲಯದ ಮುಂದಿಟ್ಟರು. ಗಂಡನ ಊಟದಲ್ಲಿ ವಿದ್ಯುದ್ದೀಪದ ಗಾಜನ್ನು ಪುಡಿಮಾಡಿ ಬೆರೆಸಿದೆ, ಚಹಾ ಕಹಿಯೆಂದು ಆತ ಹೇಳಿದ ಎಂದೆಲ್ಲ ಅವುಗಳಲ್ಲಿದೆ. ವಿಷಪ್ರಯೋಗದ ಸುದ್ದಿಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಜೊತೆಗೆ ಕಳಿಸಿದ್ದಾಳೆ. ಸರ್ಕಾರದ ತಜ್ಞ ಬರ್ನಾರ್ಡ್ ಸ್ಪಿಲ್ಸ್‌ಬರಿ ಪರ್ಸಿಯ ದೇಹವನ್ನು ಪರೀಕ್ಷಿಸಿದಾಗ ವಿಷದ ಕುರುಹಾಗಲಿ ಗಾಜಿನ ಕುರುಹಾಗಲಿ ಕಾಣಲಿಲ್ಲ. ಎಂದ ಮೇಲೆ ಆಕೆ ಬರೆದದ್ದು ಏನು? ಆಕೆಯ ವಕೀಲ ಸರ್ ಹೆನ್ರಿ ಕರ್ಟಿಸ್-ಬೆನೆಟ್ ಹೇಳಿದ್ದು, ಅದು ಕಲ್ಪನೆ. ದೂರದಲ್ಲಿರುವ ಚಿಕ್ಕ ವಯಸ್ಸಿನ ಪ್ರಿಯನು ಕೈತಪ್ಪದಿರಲೆಂದು ಕಟ್ಟಿದ ಕಥೆ.

ಇದು ಬರಿಯ ವಕೀಲಿ ಮಾತಲ್ಲ. ಎಡಿತ್ ಕಾದಂಬರಿಗಳನ್ನು ಹಸಿದವರಂತೆ ಓದುತ್ತಿದ್ದವಳು. ಓದಿದ್ದನ್ನು ಪ್ರಿಯನಿಗೆ ಬರೆಯುವಳು, ಪಾತ್ರಗಳ ವಿಷಯ ಚರ್ಚಿಸುವಳು, ನೀನೂ ಓದು ಎನ್ನುವಳು. ಅಂಥದೊಂದು ರಾಬರ್ಟ್ ಹಿಚೆನ್ಸನ ‘ಬೆಲ್ಲಾ ಡೊನ್ನಾ’. ಅದರಲ್ಲಿ ಹೆಂಡತಿಯೊಬ್ಬಳು ಗಂಡನಿಗೆ ಮೆಲ್ಲನೆ ವಿಷವುಣಿಸುತ್ತಾಳೆ. ನ್ಯಾಯಾಲಯದಲ್ಲಿ ಈ ಕಾದಂಬರಿಯ ಮೇಲೆಯೇ ಪ್ರಶ್ನೆಗಳು ಬಂದವು. ಆಕೆಯ ಕಾಗದಗಳಲ್ಲಿ ವಾಕ್ಯ ಮುಗಿಯುವ ಮುಂಚೆ ಇನ್ನೊಂದು ವಾಕ್ಯ ನುಗ್ಗುತ್ತದೆ. ಡಾರ್ಲಿಂಗ್ ಎಂಬ ಮಾತನ್ನೂ ಆಕೆ ‘ಡಾರ್ಲಿಂಟ್’ ಎಂದೇ ಬರೆಯುವುದು. ಅಂಗಡಿಯ ವ್ಯಾಪಾರ, ಮಳೆ, ಊಟ, ಕಾದಂಬರಿಯ ನಾಯಕಿ, ಗಂಡನ ಸಾವು, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ನಡೆದದ್ದೆಲ್ಲಿ ಮುಗಿಯಿತು, ಓದಿದ್ದೆಲ್ಲಿ ತೊಡಗಿತು ಎಂದು ಗೆರೆ ಎಳೆಯುವುದು ಸುಲಭವಲ್ಲ. ಕೆಲವು ಗೂಢವಾದ ಮಾತುಗಳು ಗಂಡನ ಕೊಲೆಯನ್ನಲ್ಲ, ಗರ್ಭಪಾತವನ್ನು ಕುರಿತವು ಎಂದು ಅನಂತರ ಈ ಪ್ರಕರಣವನ್ನು ಅಭ್ಯಾಸಮಾಡಿದವರು ತೋರಿಸಿದ್ದಾರೆ. ಅಂದಿನ ಕಾಲದಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದೂ ಆಕೆಗೆ ಹಾನಿಯೇ. ಅರ್ಥ ಹೇಳಿದರೆ ಒಂದು ಕೇಡು, ಹೇಳದಿದ್ದರೆ ಇನ್ನೊಂದು.

ವಕೀಲರು ಬೇಡವೆಂದರೂ ಎಡಿತ್ ಸಾಕ್ಷಿಕಟ್ಟೆಯನ್ನು ಏರಿದಳು. ಮ್ಯಾಡಲಿನ್‌ಗೆ ಇಲ್ಲದಿದ್ದ ಹಕ್ಕು ಆಕೆಗಿತ್ತು. ಆ ಹಕ್ಕೇ ಮುಳುವಾಯಿತು. ಒಂದೊಂದೇ ವಾಕ್ಯವನ್ನು ಓದಿ ಇದರ ಅರ್ಥವೇನು, ಇದರ ಅರ್ಥವೇನು ಎಂದು ಕೇಳುತ್ತ ಹೋದರೆ, ಪ್ರೀತಿಯಲ್ಲಿ ಬರೆದ ಯಾವ ಕಾಗದಕ್ಕೆ ತಾನೇ ತೃಪ್ತಿಕರವಾದ ಉತ್ತರವಿದ್ದೀತು? ನ್ಯಾಯಾಧೀಶ ಶಿಯರ್‌ಮನ್ ಜ್ಯೂರಿಗೆ ವಿಷಯವನ್ನು ಸಂಗ್ರಹಿಸಿ ಹೇಳುವಾಗ, ಹೆಂಡತಿಯೂ ಆಕೆಯ ಜಾರನೂ ಸೇರಿ ಗಂಡನನ್ನು ಕೊಂದರೆಂಬ ಮಾಮೂಲು ಆಪಾದನೆಯಿದು ಎಂಬ ಧಾಟಿಯಲ್ಲಿ ನುಡಿದ. ವ್ಯಭಿಚಾರದ ಮೇಲಿನ ಅಸಹ್ಯ ಅವನ ಮಾತಿನಲ್ಲಿ ಅಡಗಿರಲಿಲ್ಲ. ಜ್ಯೂರಿಯಲ್ಲಿ ಹನ್ನೊಂದು ಗಂಡಸರು, ಒಬ್ಬ ಹೆಂಗಸು. ಡಿಸೆಂಬರ್ 11ರಂದು ಇಬ್ಬರೂ ದೋಷಿಗಳೆಂದು ತೀರ್ಪಾಯಿತು. ಎಡಿತಳಿಗೆ ಏನೂ ತಿಳಿದಿರಲಿಲ್ಲವೆಂದು ಬೈವಾಟರ್ಸ್ ಕೊನೆಯವರೆಗೂ ಹೇಳುತ್ತಲೇ ಇದ್ದ. 1923ರ ಜನವರಿ 9ರಂದು, ಒಂದೇ ಹೊತ್ತಿನಲ್ಲಿ, ಎರಡು ಬೇರೆ ಸೆರೆಮನೆಗಳಲ್ಲಿ ಇಬ್ಬರನ್ನೂ ಗಲ್ಲಿಗೇರಿಸಿದರು.

ನನ್ನದೊಂದು ತಪ್ಪೊಪ್ಪಿಗೆಯನ್ನೂ ಇಲ್ಲಿ ಸೇರಿಸಬೇಕು. ಕವಿತೆಯಲ್ಲಿ ‘ನಾನು’ ಎಂದಿದ್ದರೆ ಅದು ಕವಿಯೇ ಎಂದು ಭ್ರಮಿಸಬೇಡಿ ಎಂದು ವರ್ಷವರ್ಷವೂ ಹುಡುಗರಿಗೆ ಪಾಠ ಹೇಳಿದವನು ನಾನು. ಆದರೂ ಎಡಿತಳ ಕಾಗದಗಳನ್ನು ಮೊದಲ ಸಲ ಓದಿದ ರಾತ್ರಿ, ಗಾಜಿನ ಪುಡಿಯ ಸಾಲಿಗೆ ಬಂದು ಪುಸ್ತಕ ಮುಚ್ಚಿ, ಇವಳು ಕೊಂದವಳೇ ಸರಿ ಎಂದುಕೊಂಡೆ. ಸ್ಪಿಲ್ಸ್‌ಬರಿಯ ಸಾಕ್ಷ್ಯವನ್ನು ಅದಕ್ಕೂ ಮೊದಲೇ ಓದಿದ್ದೆ. ಆ ಕ್ಷಣದಲ್ಲಿ ನೆನಪಿಗೇ ಬರಲಿಲ್ಲ. ಬರಹಕ್ಕೆ ಅಂಥ ಬಲವುಂಟು. ಆ ಜ್ಯೂರಿಯವರನ್ನು ಹಳಿಯುವ ಯೋಗ್ಯತೆ ಅಂದಿನಿಂದ ನನಗಿಲ್ಲವೆಂದು ತಿಳಿದಿದ್ದೇನೆ.

ಎರಡೂ ಪ್ರಕರಣಗಳಲ್ಲಿ ಗಂಡಸರು ಹೆಂಗಸರ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಹೆಂಗಸರು ಗಂಡಸರ ಕಾಗದಗಳನ್ನು ಬಹುಮಟ್ಟಿಗೆ ನಾಶಮಾಡಿದ್ದರು. ಹೀಗಾಗಿ ಎರಡೂ ಕಡೆ ನ್ಯಾಯಾಲಯ ಓದಿದ್ದು ಸಂವಾದದ ಅರ್ಧವನ್ನು. ಪ್ರಶ್ನೆ ಕಾಣದು, ಉತ್ತರ ಮಾತ್ರ ಕಾಣುತ್ತದೆ. ಯಾರು ಯಾರನ್ನು ಪ್ರಚೋದಿಸಿದರು ಎಂಬುದೇ ವಾದದ ತಿರುಳಾಗಿದ್ದ ಎಡಿತಳ ಪ್ರಕರಣದಲ್ಲಿ ಈ ಕೊರತೆ ಎಂಥದೆಂದು ಊಹಿಸಿಕೊಳ್ಳಬಹುದು.

ಮ್ಯಾಡಲಿನ್ 1861ರಲ್ಲಿ, ಕವಿ ವಿಲಿಯಂ ಮಾರಿಸನ ಸಂಸ್ಥೆಯಲ್ಲಿ ಮುಂದೆ ವ್ಯವಸ್ಥಾಪಕನಾದ ಜಾರ್ಜ್ ವಾರ್ಡ್ಲ್ ಎಂಬುವನನ್ನು ಮದುವೆಯಾದಳು. ಬಹುಕಾಲ ಬಾಳಿ 1928ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಳು. ಎಂದರೆ ಎಡಿತ್ ಸತ್ತ ಐದು ವರ್ಷದ ಮೇಲೆ. ಮ್ಯಾಡಲಿನ್ ವಿಚಾರಣೆಯ ಸಂಪುಟವನ್ನು 1927ರಲ್ಲಿ ಸಂಪಾದಿಸಿದ ಲೇಖಕಿ ಎಫ್. ಟೆನಿಸನ್ ಜೆಸ್ಸಿಯೇ 1934ರಲ್ಲಿ ಎಡಿತಳ ಬಾಳನ್ನು ಆಧರಿಸಿ ಕಾದಂಬರಿ ಬರೆದಳು. ಕಾದಂಬರಿ ಓದಿದ್ದಕ್ಕಾಗಿ ಪಾಟೀಸವಾಲಿಗೆ ಒಳಗಾದವಳು ತಾನೇ ಕಾದಂಬರಿಯ ನಾಯಕಿಯಾದಳು.

ಎಡಿತಳನ್ನು ಹಾಲೊವೇ ಸೆರೆಮನೆಯ ಆವರಣದಲ್ಲೇ ಹೂಳಿದ್ದರು. 1971ರಲ್ಲಿ ಸೆರೆಮನೆಯನ್ನು ಹೊಸದಾಗಿ ಕಟ್ಟುವಾಗ ಅವಶೇಷಗಳನ್ನು ಬ್ರೂಕ್‌ವುಡ್ ಸ್ಮಶಾನಕ್ಕೆ ಸಾಗಿಸಿದರು. ತನ್ನ ಪಕ್ಕದಲ್ಲಿ ಮಗಳಿರಬೇಕೆಂಬುದು ತಾಯಿಯ ಆಸೆಯಾಗಿತ್ತು. 2018ರ ನವೆಂಬರಿನಲ್ಲಿ ಎಡಿತಳನ್ನು ಅಲ್ಲಿಂದ ತಂದು ಲಂಡನ್ನಿನಲ್ಲಿ ತಂದೆತಾಯಿಯರ ಸಮಾಧಿಯಲ್ಲಿ ಮಣ್ಣುಮಾಡಿದರು.